ದೇವಸ್ಥಾನದ ವಯಸ್ಸನ್ನು ಎಲ್ಲಿಂದ ಎಣಿಸಬೇಕು?

ದಾವಣಗೆರೆಯಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ.

ಚೀನಾದ ತೈಶಾನ್ ಬೆಟ್ಟದ ಬುಡದಲ್ಲಿರುವ ದೈ ಮಿಯಾವೊವನ್ನು ಹೋದ ಸಂಚಿಕೆಯಲ್ಲಿ ನಾವು ‘ಎರಡು ಸಾವಿರ ವರ್ಷದ ತಾವೊ ದೇವಾಲಯ’ ಎಂದು ಕರೆದಿದ್ದೆವು (ತಾವೊ ಅಂದರೆ ಚೀನಾದ ಹಳೆಯ ಧರ್ಮಗಳಲ್ಲೊಂದು). ಅದೇ ಲೇಖನದಲ್ಲಿ ಮುಖ್ಯ ಮಂಟಪ ಕಟ್ಟಿದ್ದು 1009ರಲ್ಲಿ ಅಂತಲೂ ಇತ್ತು. ‘ಇದರಲ್ಲಿ ಯಾವುದು ಸರಿ? ಅಷ್ಟು ಹಳೆಯದು ಅಲ್ಲಿ ಏನಾದರೂ ಉಳಿದಿದೆಯಾ?’ ಅಂತ ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಅಷ್ಟು ದೊಡ್ಡ ಕಥೆಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ನಮ್ಮ ತಪ್ಪು.

ಅಲ್ಲಿ ಗುಡಿಗಿಂತ ಮೊದಲು ಇದ್ದದ್ದು ಬೆಟ್ಟ. ಬೆಟ್ಟವೇ ದೇವರು. ಶಾನ್‌ಡಾಂಗ್ ಪ್ರಾಂತ್ಯದ ತೈಶಾನ್ ಒಂದೂವರೆ ಸಾವಿರ ಮೀಟರ್‌ಗಿಂತ ಸ್ವಲ್ಪ ಎತ್ತರ, ಅಷ್ಟೇ. ಆದರೆ ಚೀನಾದ ಐದು ಪವಿತ್ರ ಬೆಟ್ಟಗಳಲ್ಲಿ ಇದು ಮೂಡಣ ದಿಕ್ಕಿನದು. ಸೂರ್ಯ ಹುಟ್ಟುವ ಕಡೆ ಜೀವವೂ ಹುಟ್ಟುತ್ತದೆ, ಸತ್ತವರೂ ಈ ಬೆಟ್ಟಕ್ಕೇ ಬಂದು ಸೇರುತ್ತಾರೆ ಅಂತ ಜನ ನಂಬಿದ್ದರು. ಕ್ರಿ.ಪೂ. 219ರಲ್ಲಿ ಚೀನಾದ ಮೊದಲ ಚಕ್ರವರ್ತಿ ಚಿನ್ ಷಿ ಹುವಾಂಗ್ ಇಲ್ಲಿಗೆ ಬಂದು ಬೆಟ್ಟದ ತುದಿಯಲ್ಲಿ ಆಕಾಶಕ್ಕೆ, ಕೆಳಗೆ ಭೂಮಿಗೆ ಪೂಜೆ ಮಾಡಿದ. ಕ್ರಿ.ಪೂ. 110ರಲ್ಲಿ ಹಾನ್ ವಂಶದ ವು ಚಕ್ರವರ್ತಿ ಬಂದ. ದೇವಸ್ಥಾನದ ಅಂಗಳದಲ್ಲಿ ಮೈ ತಿರುಚಿಕೊಂಡು ನಿಂತಿರುವ ಐದು ಮುದಿ ಸೈಪ್ರೆಸ್ ಮರಗಳನ್ನು ಅವನೇ ನೆಡಿಸಿದ ಅಂತ ಪ್ರತೀತಿ. ಎರಡು ಸಾವಿರ ವರ್ಷದ ಲೆಕ್ಕ ಹುಟ್ಟುವುದು ಇಲ್ಲಿಂದ. ಅದು ಪೂಜೆಯ ವಯಸ್ಸು, ಗೋಡೆಯದಲ್ಲ.

ಇನ್ನು 1009ರ ವಿಷಯ. ಸಾಂಗ್ ವಂಶದ ಚಕ್ರವರ್ತಿ ಝೆನ್‌ಜಾಂಗ್ ಅದಕ್ಕೆ ಸ್ವಲ್ಪ ಮೊದಲು ಉತ್ತರದ ಲಿಯಾವೊ ರಾಜ್ಯದ ಜೊತೆ ಒಪ್ಪಂದ ಮಾಡಿಕೊಂಡು, ವರ್ಷವರ್ಷವೂ ಬೆಳ್ಳಿ, ರೇಷ್ಮೆ ಕೊಡಲು ಒಪ್ಪಿದ್ದ. ಮರ್ಯಾದೆ ಹೋದಂತಾಗಿತ್ತು, ಅದನ್ನು ಮರಳಿ ಗಳಿಸಬೇಕಿತ್ತು. 1008ರಲ್ಲಿ ಸ್ವರ್ಗದಿಂದ ಓಲೆಗಳು ಬಿದ್ದವು ಅಂತ ಅರಮನೆ ಸಾರಿತು. ಅದೇ ವರ್ಷ ಅವನು ದೊಡ್ಡ ಪರಿವಾರದೊಂದಿಗೆ ತೈಶಾನ್ ಹತ್ತಿದ. ತುದಿಯಲ್ಲಿ ಆ ಪೂಜೆ ಮಾಡಿದ ಚಕ್ರವರ್ತಿಗಳಲ್ಲಿ ಅವನೇ ಕೊನೆಯವನು. ಮುಖ್ಯ ಮಂಟಪ ಎದ್ದದ್ದು ಅದರ ಮರುವರ್ಷ. ಇವತ್ತು ಅದಕ್ಕಿರುವ ತಿಯಾನ್‌ಕುವಾಂಗ್ ಎಂಬ ಹೆಸರಿಗೆ ‘ಸ್ವರ್ಗದ ಕೊಡುಗೆ’ ಎಂದರ್ಥ. ಒಳಗೋಡೆಯ ಮೇಲೆ ಸುಮಾರು 62 ಮೀಟರ್ ಉದ್ದದ ಚಿತ್ರವಿದೆ. ಒಂದು ಕಡೆ ಬೆಟ್ಟದ ದೇವರ ಸವಾರಿ ಹೊರಡುತ್ತದೆ, ಇನ್ನೊಂದು ಕಡೆ ಮರಳಿ ಬರುತ್ತದೆ. ದೇವರ ರೂಪದಲ್ಲಿ ಇರುವುದು ಝೆನ್‌ಜಾಂಗನೇ ಅಂತ ಹೇಳುತ್ತಾರೆ. ಕಟ್ಟಡ ಆಮೇಲೆ ಎಷ್ಟೋ ಸಲ ದುರಸ್ತಿಯಾಗಿದೆ, ಚಿತ್ರಕ್ಕೂ ಹೊಸ ಬಣ್ಣ ಬಿದ್ದಿದೆ.

ತಾವೊ ದೇವಾಲಯ ಅಂದದ್ದೂ ಅರ್ಧ ಸತ್ಯವೇ. ಮೊದಲು ಇದು ಅರಸರ ಪೂಜೆಯ ಜಾಗ. ಬೆಟ್ಟದ ದೇವರು ತಾವೊ ದೇವತೆಗಳ ಸಾಲಿಗೆ ಸೇರಿದ್ದು, ತಾವೊ ಅರ್ಚಕರು ಇಲ್ಲಿ ನೆಲೆ ನಿಂತಿದ್ದು ಆಮೇಲೆ.

ಉಳಿದಿರುವುದರ ಬಗ್ಗೆ ಕೇಳಿದಿರಲ್ವಾ? ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಅಲ್ಲಿರುವ ಒಂದು ಒಡಕು ಕಲ್ಲು. ಕ್ರಿ.ಪೂ. 209ರಲ್ಲಿ ಚಿನ್ ವಂಶದ ಎರಡನೇ ಚಕ್ರವರ್ತಿ ತೈಶಾನ್‌ಗೆ ಬಂದಾಗ, ಅವನ ಆಜ್ಞೆಯನ್ನು ಕಲ್ಲಿನಲ್ಲಿ ಕೆತ್ತಲು ಮಂತ್ರಿಗಳು ಅಪ್ಪಣೆ ಬೇಡಿದ್ದರು. ಬೆಟ್ಟದ ಮೇಲಿದ್ದ ಆ ಶಾಸನ 1740ರ ಬೆಂಕಿಯಲ್ಲಿ ಕಾಣೆಯಾಯಿತು. 1815ರಲ್ಲಿ ಅದರ ಚೂರುಗಳು ಬೆಟ್ಟದ ಮೇಲಿನ ಕೊಳವೊಂದರಲ್ಲಿ ಸಿಕ್ಕವು. ಆ ಕಲ್ಲಿನ ಮೇಲೆ ಮೊದಲಿದ್ದ ಒಟ್ಟು 222 ಅಕ್ಷರಗಳಲ್ಲಿ ಈಗ ಇರುವುದು ಹತ್ತು, ಅವುಗಳಲ್ಲೂ ಕೆಲವು ಸವೆದಿವೆ. ಆ ಹತ್ತರಲ್ಲಿ ‘ಸೇವಕ’ ಎಂಬ ಅರ್ಥದ ಅಕ್ಷರವೇ ಮೂರು ಸಲ ಬರುತ್ತದೆ. ‘ಪ್ರಾಣದ ಹಂಗು ತೊರೆದು’ ಎಂಬ ಮಾತಿದೆ, ಮಂತ್ರಿಗಳು ಬಿನ್ನಹ ಮಾಡುವಾಗ ಬಳಸುತ್ತಿದ್ದ ಮಾತು. ಲಿ ಸಿ, ಫೆಂಗ್ ಚೂಜಿ ಎಂಬ ಇಬ್ಬರು ಮಂತ್ರಿಗಳ ಹೆಸರಿವೆ. ಮರುವರ್ಷವೇ ಫೆಂಗ್ ಚೂಜಿ ಸೆರೆಯಲ್ಲಿ ಪ್ರಾಣ ಕಳೆದುಕೊಂಡ. ಲಿ ಸಿಗೆ ಅದೇ ಚಕ್ರವರ್ತಿಯ ಆಳ್ವಿಕೆಯಲ್ಲಿ ಮರಣದಂಡನೆಯಾಯಿತು.