ಉಚಿತ ತರಬೇತಿಗೆ ಸೇರಿದ ಹುಡುಗರು ಅರ್ಧಕ್ಕೇ ಬಿಡದಂತೆ ಉಳಿಸುವುದು ಯಾವುದು?

ಕಷ್ಟದ ಮನೆಗಳ ಹುಡುಗ ಹುಡುಗಿಯರು ಉತ್ಸಾಹದಿಂದ ಸೇರುತ್ತಾರೆ, ಆಮೇಲೆ ಒಬ್ಬೊಬ್ಬರೇ ಮಾಯವಾಗುತ್ತಾರೆ, ಉಳಿಯುವವರು ಯಾಕೆ ಉಳಿಯುತ್ತಾರೆ ಅಂತ ಕೇಳಿದ್ದೀರಿ. ಇಂಥದ್ದೇ ಒಂದು ಕಡೆ ಕಂಪ್ಯೂಟರ್ ಕಲಿಸುತ್ತೇನೆ, ಹಾಗಾಗಿ ಕಂಡದ್ದನ್ನು ಹೇಳುತ್ತೇನೆ.

‘ಅವರಿಗೆ ಆಸಕ್ತಿ ಇಲ್ಲ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಇಲ್ಲದಿದ್ದರೆ ಸೇರುತ್ತಲೇ ಇರಲಿಲ್ಲ, ಅಲ್ವಾ? ಬಿಡುವುದು ಹೆಚ್ಚಾಗಿ ಹೀಗೆ. ಅಮ್ಮನಿಗೆ ಹುಷಾರಿಲ್ಲ, ತಮ್ಮನನ್ನು ನೋಡಿಕೊಳ್ಳಬೇಕು, ಮೂರು ದಿನ ತಪ್ಪಿಹೋಗುತ್ತದೆ. ನಾಲ್ಕನೇ ದಿನ ಪುರುಸೊತ್ತು ಇರುತ್ತದೆ, ಬರುವುದಕ್ಕೆ ಮುಖ ಇರುವುದಿಲ್ಲ. ಎಲ್ಲರ ಮುಂದೆ ಕೇಳಿದರೆ ಏನು ಹೇಳಲಿ ಅನ್ನುವ ಅಳುಕು. ಅಲ್ಲಿಗೆ ಮುಗಿಯಿತು.

ಅದಕ್ಕೇ ನಾವು ‘ಯಾಕೆ ಬರಲಿಲ್ಲ’ ಅಂತ ಮೆಸೇಜ್ ಕಳಿಸುವುದನ್ನು ಬಿಟ್ಟೆವು. ಹೀಗೆ ತಪ್ಪಿಸಿಕೊಂಡ ಒಬ್ಬ ಹುಡುಗಿಗೆ ‘ಹೊಸಬರು ಬಂದಿದ್ದಾರೆ, ನಾಳೆ ಟೈಪಿಂಗ್ ತೋರಿಸುವುದು ನಿನ್ನ ಸರದಿ’ ಅಂತಷ್ಟೇ ಬರೆದೆವು. ಬಂದಳು. ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಳು. ಸ್ವಲ್ಪ ಹೊತ್ತಿಗೆ ನೋಡಿದರೆ ಪಕ್ಕದವನಿಗೆ ‘ಬೆರಳು ನೋಡಬೇಡ, ಸ್ಕ್ರೀನ್ ನೋಡೋ’ ಅಂತ ಗದರುತ್ತಿದ್ದಳು. ತನ್ನಿಂದ ಇಲ್ಲಿ ಒಂದು ಕೆಲಸ ಆಗಬೇಕಿದೆ ಅನ್ನಿಸಿದವರು ಸುಲಭವಾಗಿ ಬಿಡುವುದಿಲ್ಲ. ಸ್ಫೂರ್ತಿಯ ಭಾಷಣಗಳಿಂದ ಇದು ಆಗಿದ್ದನ್ನು ನಾನಂತೂ ಕಂಡಿಲ್ಲ.

ಇನ್ನು ಓಡಾಟದ ಖರ್ಚು. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ನ್ಯೂಯಾರ್ಕಿನ ಸಿಟಿ ಯೂನಿವರ್ಸಿಟಿ 2007ರಲ್ಲಿ ಎಎಸ್‌ಎಪಿ ಅನ್ನುವ ಕಾರ್ಯಕ್ರಮ ಶುರು ಮಾಡಿತು. ಶುಲ್ಕದಲ್ಲಿ ನೆರವು, ಪುಸ್ತಕ, ಓಡಾಟಕ್ಕೆ ಪಾಸು, ಜೊತೆಗೆ ಆಗಾಗ ಭೇಟಿಯಾಗಲೇಬೇಕಾದ ಒಬ್ಬ ಸಲಹೆಗಾರರು. ಮೂರು ವರ್ಷದಲ್ಲಿ ಇದರಲ್ಲಿದ್ದವರ ಪೈಕಿ ಸುಮಾರು 40% ಜನ ಪದವಿ ಮುಗಿಸಿದರು, ಇಲ್ಲದವರಲ್ಲಿ 22%. ಪಾಸೂ ಬೇಕು, ಕೇಳುವ ಮನುಷ್ಯರೂ ಬೇಕು. ಬರೀ ಒಂದನ್ನೇ ಕೊಟ್ಟು ಇಂಥ ಫಲ ಸಿಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ಆ ಮನುಷ್ಯರು ಪದೇಪದೇ ಬದಲಾಗಲೂಬಾರದು. ಹಿರಿಯರೊಬ್ಬರನ್ನು ಕಿರಿಯರಿಗೆ ಜೊತೆ ಮಾಡುವ ಕಾರ್ಯಕ್ರಮಗಳ ಬಗ್ಗೆ ಗ್ರಾಸ್‌ಮನ್ ಮತ್ತು ರೋಡ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವರ್ಷಕ್ಕಿಂತ ಜಾಸ್ತಿ ಉಳಿದ ಜೋಡಿಗಳಲ್ಲೇ ಹೆಚ್ಚು ಒಳ್ಳೆಯದಾಗಿತ್ತು. ಮೂರು ತಿಂಗಳೊಳಗೆ ಮುರಿದುಬಿದ್ದಲ್ಲಿ ಮಕ್ಕಳ ಆತ್ಮವಿಶ್ವಾಸ ಮೊದಲಿಗಿಂತ ಕುಗ್ಗಿತ್ತು. ಆರು ತಿಂಗಳಿಗೊಮ್ಮೆ ಮೇಷ್ಟ್ರನ್ನು ಬದಲಾಯಿಸುತ್ತಾ, ಹುಡುಗರು ಮಾತ್ರ ನೆಟ್ಟಗೆ ಬರಬೇಕು ಅಂದರೆ ಹೇಗೆ?

ನೀವೇ ಇಂಥದ್ದೊಂದು ನಡೆಸುತ್ತಿದ್ದರೆ, ಬಿಟ್ಟವರನ್ನೆಲ್ಲ ಒಂದೇ ಪಟ್ಟಿಗೆ ಸೇರಿಸಬೇಡಿ. ಕೆಲಸ ಸಿಕ್ಕಿ ಹೋದವರೂ ಅದರಲ್ಲಿ ಇರುತ್ತಾರೆ. ಅವರನ್ನು ಬೇರೆ ಬರೆದಿಟ್ಟು, ಉಳಿದವರಿಗೆ ಫೋನ್ ಮಾಡಿ.