ಸೋತ ಜನರಲ್‌ಗಳ ಚಳಿ

'ಹಿಟ್ಲರನನ್ನು ಸೋಲಿಸಿದ್ದು ರಷ್ಯನ್ನರಲ್ಲ, ರಷ್ಯದ ಚಳಿ. ನೆಪೋಲಿಯನ್‌ಗೆ ಆದ ಗತಿಯೇ ಇವನಿಗೂ ಆಯಿತು. ಇದರಲ್ಲಿ ಕೆಂಪು ಸೇನೆಯ ಹೆಚ್ಚುಗಾರಿಕೆ ಏನು?'
— ದಾವಣಗೆರೆಯ ಓದುಗರೊಬ್ಬರು

ಚಳಿಯ ಪಾಲು ಇಲ್ಲವೆನ್ನಲಾಗದು. 1941ರ ಡಿಸೆಂಬರ್‌ನಲ್ಲಿ ಮಾಸ್ಕೋ ಬಾಗಿಲಲ್ಲಿ ಜರ್ಮನ್ ಸೈನಿಕರ ಕಾಲ್ಬೆರಳು ಮರಗಟ್ಟಿದ್ದು, ಲಾರಿಗಳು ಸ್ಟಾರ್ಟ್ ಆಗದೆ ನಿಂತಿದ್ದು ನಿಜ. ಆದರೆ ಸ್ವಾಮಿ, ಆ ಚಳಿ ರಷ್ಯನ್ನರಿಗೇನು ರಿಯಾಯಿತಿ ಕೊಟ್ಟಿತ್ತೇ? ನೆಪೋಲಿಯನ್ನನ ಮುಖ್ಯ ದಂಡಂತೂ ಮಾಸ್ಕೋ ಮುಟ್ಟುವ ಮೊದಲೇ, ಬೇಸಿಗೆಯಲ್ಲೇ, ಅರ್ಧಕ್ಕಿಂತ ಹೆಚ್ಚು ಕರಗಿತ್ತು.

ಸ್ವಲ್ಪ ಕ್ಯಾಲೆಂಡರ್ ನೋಡಿ. ದಾಳಿ ಶುರುವಾದದ್ದು 1941ರ ಜೂನ್ 22. ಆಗಸ್ಟ್ 11ಕ್ಕೇ ಜರ್ಮನ್ ಭೂಸೇನೆಯ ಜನರಲ್ ಸ್ಟಾಫ್ ಮುಖ್ಯಸ್ಥ ಹಾಲ್ಡರ್ ದಿನಚರಿಯಲ್ಲಿ ಗೋಳಾಡಿದ್ದಾನೆ: ಶತ್ರುವಿನ ಬಳಿ 200 ಡಿವಿಷನ್ (ಸಾವಿರಾರು ಸೈನಿಕರ ದೊಡ್ಡ ದಳ) ಇವೆಯೆಂದುಕೊಂಡಿದ್ದೆವು, ಈಗಾಗಲೇ 360 ಎಣಿಸಿದ್ದೇವೆ ಎಂದು. ಆಗಿನ್ನೂ ಹಿಮ ಬಿದ್ದೇ ಇರಲಿಲ್ಲ!

ನನ್ನನ್ನು ಕೇಳಿದರೆ, ಚಳಿಗಿಂತ ಮೊದಲು ರೈಲು ಹಳಿ ಹೇಳಿ. ಸೋವಿಯತ್ ಹಳಿಗಳ ನಡುವಿನ ಅಗಲ ಜರ್ಮನಿಯದಕ್ಕಿಂತ ಸುಮಾರು 9 ಸೆಂ.ಮೀ. ಹೆಚ್ಚು. ಜರ್ಮನ್ ರೈಲು ಓಡಬೇಕಾದರೆ ಒಂದು ಬದಿಯ ಹಳಿ ಕಿತ್ತು, ಒಳಕ್ಕೆ ಸರಿಸಿ, ಮತ್ತೆ ಮೊಳೆ ಹೊಡೆಯಬೇಕು. ಅದೂ ಸಾವಿರಾರು ಕಿಲೋಮೀಟರ್. ಅಷ್ಟು ಮಾಡಿದರೂ, ಉಗಿಬಂಡಿಗೆ ನೀರು ತುಂಬಿಸುವ ನಿಲ್ದಾಣಗಳು ದೊಡ್ಡ ಸೋವಿಯತ್ ಎಂಜಿನ್‌ಗಳ ಲೆಕ್ಕದಲ್ಲಿ ದೂರ ದೂರ ಇದ್ದವು. ಸಿಕ್ಕ ರೈಲುಗಳಲ್ಲಿ ಮದ್ದುಗುಂಡು, ಪೆಟ್ರೋಲು ತುಂಬಿದರು. ಉಣ್ಣೆ ಕೋಟುಗಳು ಪೋಲೆಂಡಿನಲ್ಲೇ ಉಳಿದವು. ಇದನ್ನು ಚಳಿಯ ತಲೆಗೆ ಕಟ್ಟುವುದೇ?

ಅತ್ತ ಸೋವಿಯತ್ ಜನ ಅದೇ ಕೆಲವು ತಿಂಗಳಲ್ಲಿ 1,500ಕ್ಕೂ ಹೆಚ್ಚು ಕಾರ್ಖಾನೆಗಳನ್ನು ಬಿಚ್ಚಿ ಪೂರ್ವಕ್ಕೆ ಸಾಗಿಸಿದರು. ಖಾರ್ಕಿವ್‌ನ ಟ್ಯಾಂಕ್ ಕಾರ್ಖಾನೆ ಉರಲ್ ಸೀಮೆಯ ನಿಜ್ನಿ ತಗೀಲ್‌ಗೆ ಹೋಗಿ, ಡಿಸೆಂಬರ್‌ನಲ್ಲೇ ಟಿ-34 ಟ್ಯಾಂಕುಗಳನ್ನು ಹೊರಬಿಟ್ಟಿತು. (ನೀವು 'ರಷ್ಯನ್ನರು' ಎಂದು ಬರೆದಿದ್ದೀರಿ. ಉಕ್ರೇನಿಯನ್ನರು, ಬೆಲರೂಸಿನವರು, ಕಜಕರು ಎಲ್ಲಿ ಹೋದರು?) ಸ್ಟಾಲಿನ್ನನನ್ನು ನಾನು ಹೊಗಳುತ್ತಿಲ್ಲ, ಅವನ ಹಟಕ್ಕೆ ಕೀವ್‌ನಲ್ಲಿ ಲಕ್ಷಗಟ್ಟಲೆ ಸೈನಿಕರು ಸೆರೆಯಾದರು. ಸೋವಿಯತ್ ಒಕ್ಕೂಟ ತೆತ್ತದ್ದು ಸುಮಾರು 2.7 ಕೋಟಿ ಜೀವ.

ಇನ್ನು ಕೆಂಪು ಸೇನೆ ಗೆದ್ದ ಕುರ್ಸ್ಕ್ ಕದನ 1943ರ ಜುಲೈನದು, ಬೆಲರೂಸಿನಲ್ಲಿ ಅದೇ ಸೇನೆ ನಡೆಸಿದ ಬಗ್ರತಿಯೋನ್ ದಾಳಿ 1944ರ ಜೂನ್‌ನದು. ಎರಡೂ ಸುಡುಬೇಸಿಗೆ. ಚಳಿಯ ಕಥೆ ಇಷ್ಟು ಹಬ್ಬಿದ್ದು ಹೇಗೆ ಗೊತ್ತೇ? ಯುದ್ಧ ಮುಗಿದ ಮೇಲೆ ಅದೇ ಹಾಲ್ಡರ್ ಅಮೆರಿಕನ್ ಸೇನೆಯ ಇತಿಹಾಸ ವಿಭಾಗಕ್ಕೆ ದುಡಿದ. ಜೊತೆಗಾರ ಜನರಲ್‌ಗಳು ಆತ್ಮಕಥೆ ಬರೆದರು. ತಪ್ಪೆಲ್ಲ ಹಿಟ್ಲರನದು, ಉಳಿದದ್ದು ಹಿಮದ್ದು, ತಮ್ಮದೇನೂ ಇಲ್ಲ! ಸೋತವರೇ ಇತಿಹಾಸ ಬರೆದರು, ಗೆದ್ದವರ ದಾಖಲೆ ಬೀಗ ಹಾಕಿಕೊಂಡಿತ್ತು. ಹಾಲಿವುಡ್ ಅಮೆರಿಕನ್ನರು ಬಂದಿಳಿದ ನಾರ್ಮಂಡಿಯ ಮರಳು ಬಿಟ್ಟು ಏಳಲಿಲ್ಲ. ನಮ್ಮ ಪುಸ್ತಕದಂಗಡಿಗಳಲ್ಲೂ ಜರ್ಮನ್ ಸೇನಾಪತಿ ರೊಮೆಲ್ ಬಗ್ಗೆ ಬೇಕಾದಷ್ಟು ಸಿಗುತ್ತದೆ; ಬಗ್ರತಿಯೋನ್‌ನ ಸೋವಿಯತ್ ಸೇನಾಪತಿ ರೊಕೊಸೊವ್‌ಸ್ಕಿ ಬಗ್ಗೆ ಕೇಳಿದರೆ ಅಂಗಡಿಯವರು ಹೆಸರಿನ ಸ್ಪೆಲಿಂಗ್ ಕೇಳುತ್ತಾರೆ.