ಘಟ್ಟದ ಅಂಚಲ್ಲಿ ಸರ್ಜರಿ ಕಲಿಯೋದು

"ಹಾಸನದಲ್ಲಿ ಕೂತು ಸರ್ಜನ್ ಆಗ್ತೀಯಾ? ಅಲ್ಲಿ ಕಲಿಯೋಕೆ ಕೇಸ್ ಆದ್ರೂ ಬರ್ತಾವಾ?" ಅಂತ ಕೇಳಿದೆಯಲ್ಲ ಮಾರಾಯ, ಫೋನಲ್ಲಿ ಎರಡು ಮಾತಿಗೆ ಮುಗಿಯೋ ವಿಷಯ ಅಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ.

ಓದಿನ ದಾರಿ ನಿನಗೆ ಗೊತ್ತಿರೋದೇ. ನೀಟ್, ನಾಲ್ಕೂವರೆ ವರ್ಷ ಎಂಬಿಬಿಎಸ್, ಒಂದು ವರ್ಷ ಇಂಟರ್ನ್‌ಶಿಪ್, ಮತ್ತೆ ಪಿಜಿ ನೀಟ್, ಮೂರು ವರ್ಷ ಎಂಎಸ್, ಅಂದರೆ ಸರ್ಜರಿ ಡಿಗ್ರಿ. ನಿಮಗೂ ಅಷ್ಟೇ, ನಮಗೂ ಅಷ್ಟೇ. ಹಾಸನದಲ್ಲಿ 2006ರಿಂದ ಸರ್ಕಾರಿ ಮೆಡಿಕಲ್ ಕಾಲೇಜಿದೆ, ಈಗ ಚಿಕ್ಕಮಗಳೂರಲ್ಲೂ ಆಗಿದೆ. ಹಾಸ್ಟೆಲ್ ಮಂಚದ ಕಾಲಿಗೆ ದಾರ ಸುತ್ತಿ ಗಂಟು ಹಾಕೋದು, ಆಪರೇಷನ್ ಥಿಯೇಟರಲ್ಲಿ ಗಾಯದ ಬಾಯಿ ಅಗಲಿಸೋ ರಿಟ್ರಾಕ್ಟರ್ ಹಿಡಿದು ಅಲ್ಲಾಡದೆ ನಿಲ್ಲೋದು, ಎಲ್ಲಾ ಕಡೆ ಇರೋದೇ.

ನಮ್ಮದು ಗಡಿ ಊರು, ಆದರೆ ರಾಜ್ಯದ ಗಡಿ ಅಲ್ಲ, ಘಟ್ಟದ ಗಡಿ. ಸಕಲೇಶಪುರ ದಾಟಿದರೆ ಶಿರಾಡಿ, ಕೊಟ್ಟಿಗೆಹಾರ ದಾಟಿದರೆ ಚಾರ್ಮಾಡಿ. ಇಳಿದರೆ ದಕ್ಷಿಣ ಕನ್ನಡ. ಮೇಲೆಲ್ಲ ಕಾಫಿ ತೋಟ. ನೀನು ರೆಸಾರ್ಟಿಗೆ ಬಂದಾಗ ನೋಡಿದ್ದು ಮಂಜು, ಹಸಿರು. ನಾವು ಕ್ಯಾಶುವಾಲ್ಟಿಯಲ್ಲಿ ನೋಡೋದು ಅದೇ ತೋಟದಲ್ಲಿ ದುಡಿಯೋರನ್ನು. ಕಾಫಿ ಕೊಯ್ಲು ಮುಗಿಯೋ ಹೊತ್ತಿಗೆ ಮೆಣಸು ಕೊಯ್ಲು ಶುರು. ಸಿಲ್ವರ್ ಓಕ್ ಮರಕ್ಕೆ ಬಳ್ಳಿ ಎತ್ತರಕ್ಕೆ ಹಬ್ಬಿರುತ್ತೆ, ಏಣಿ ಇಟ್ಟೇ ಹತ್ತಬೇಕು. ಜಾರಿ ಬಿದ್ದವರು ಬರುತ್ತಾರೆ. ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿ ಸುಟ್ಟುಕೊಂಡವರು ಬರುತ್ತಾರೆ. ಕಳೆ ಹೊಡೆಯೋ ಮೆಷಿನ್ನಿನ ಬ್ಲೇಡ್ ಕಾಲಿಗೆ ಬಡಿದವರು, ಆಲೂರು, ಸಕಲೇಶಪುರದ ಕಡೆಯಿಂದ ಆನೆ ದಾಳಿಗೆ ಸಿಕ್ಕವರು. ಕೇಸ್ ಇಲ್ಲ ಅಂತ ಮಾತ್ರ ಹೇಳಬೇಡ.

ನಮ್ಮ ಗೋಳೇ ಬೇರೆ. ಪೇಷೆಂಟನ್ನು ಇಲ್ಲೇ ಇಟ್ಟುಕೊಳ್ಳೋದಾ, ಕಳಿಸೋದಾ? ದಿನಾ ಇದೇ ಗುದ್ದಾಟ.

ಏಣಿಯಿಂದ ಬಿದ್ದ ಹುಡುಗ ಅಂತ ಇಟ್ಟುಕೋ. ಎಷ್ಟೋ ಸಲ ನಡೆದುಕೊಂಡೇ ಬಂದಿರ್ತಾನೆ. ಎಡಗಡೆ ಪಕ್ಕೆ ನೋವು ಅಂತಾನೆ. ಜೊತೆಗೆ ಎಡ ಭುಜವೂ ನೋಯ್ತಿದೆ ಅಂತಾನೆ, ಆದರೆ ಭುಜಕ್ಕೆ ಏಟೇ ಬಿದ್ದಿರಲ್ಲ. ಅಲ್ಲೇ ಎಚ್ಚರ ಆಗಬೇಕು. ಎಡ ಪಕ್ಕೆಯೊಳಗಿರೋ ಗುಲ್ಮ (ಸ್ಪ್ಲೀನ್) ಒಡೆದು ಹೊಟ್ಟೆಯೊಳಗೆ ರಕ್ತ ಸೋರಿ ವಪೆಗೆ, ಅಂದರೆ ಎದೆ-ಹೊಟ್ಟೆ ನಡುವಿನ ಪರದೆಗೆ ತಾಗಿದರೆ ನೋವು ಭುಜದಲ್ಲಿ ಕಾಣಿಸುತ್ತೆ. ಬಿಪಿ ನೋಡಿದರೆ ಸರಿಯಾಗೇ ಇರುತ್ತೆ. ಕಸುವಿರೋ ದೇಹ, ಮೈಯ ರಕ್ತದಲ್ಲಿ ಸುಮಾರು ಶೇ. 30ರಷ್ಟು ಹೋಗೋವರೆಗೂ ಬಿಪಿ ಬಿಟ್ಟುಕೊಡದೇ ಇರಬಹುದು. ನಾಡಿ ಮಾತ್ರ ಮೊದಲೇ ಓಡೋಕೆ ಶುರು ಮಾಡಿರುತ್ತೆ. ನಮ್ಮ ಸರ್ ಬಿಪಿ ಕೇಳೋಕೆ ಮುಂಚೆ "ನಾಡಿ ಎಷ್ಟು?" ಅಂತಲೇ ಕೇಳೋದು.

ಅಷ್ಟರಲ್ಲಿ ಮನೆಯವರು, ತೋಟದ ಲೆಕ್ಕ ಬರೆಯೋ ರೈಟರು ಸುತ್ತ ನಿಂತಿರ್ತಾರೆ. "ಡಾಕ್ಟ್ರೇ, ಮಂಗಳೂರಿಗೆ ಕರ್ಕೊಂಡು ಹೋಗಿಬಿಡ್ಲಾ?" ಅವರದ್ದು ತಪ್ಪು ಅನ್ನೋಕಾಗಲ್ಲ. ಮಣಿಪಾಲದಲ್ಲಿ ಮೆಡಿಕಲ್ ಕಾಲೇಜು ಶುರುವಾಗಿದ್ದು 1953ರಲ್ಲಿ, ನಮ್ಮಲ್ಲಿ ಆಗಿದ್ದು ಅದಾದ 53 ವರ್ಷಕ್ಕೆ. ದೊಡ್ಡ ಆಪರೇಷನ್ ಅಂದರೆ ಘಟ್ಟ ಇಳಿಯಬೇಕು ಅನ್ನೋದು ತಲೆಮಾರಿನಿಂದ ಬಂದಿದೆ. ಆದರೆ ಹೊಟ್ಟೆಯೊಳಗೆ ರಕ್ತ ಸೋರ್ತಿರೋನಿಗೆ ಆ ತಿರುವುಗಳಲ್ಲಿ ಹೋಗೋ ಹೊತ್ತು ಇರಲ್ಲ. ಅದೂ ಮಳೆಗಾಲದಲ್ಲಿ ರಸ್ತೆಯನ್ನು ನಂಬೋ ಹಾಗಿಲ್ಲ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿಯಲ್ಲಿ ಗುಡ್ಡ ಜರಿದು ದಾರಿಯೇ ಬಂದ್ ಆಗಿತ್ತು, ನೆನಪಿದೆಯಲ್ವಾ? ಹಾಗಂತ ಎಲ್ಲರನ್ನೂ ಇಲ್ಲೇ ಹಿಡಿದಿಟ್ಟುಕೊಳ್ಳೋಕೂ ಆಗಲ್ಲ. ತಲೆಗೆ ಏಟು ಬಿದ್ದು ನ್ಯೂರೋಸರ್ಜನ್ ಬೇಕು ಅಂದರೆ ಕಳಿಸಲೇಬೇಕು, ಬೇಗ ಕಳಿಸಬೇಕು. ಉಸಿರಿನ ದಾರಿ ಭದ್ರ ಮಾಡಿ, ಎರಡೂ ಕೈಗೆ ದಪ್ಪ ಸೂಜಿ ಹಾಕಿ, ಆ ಕಡೆಯ ಡಾಕ್ಟರ್‌ಗೆ ಫೋನ್ ಮಾಡಿ ಆಮೇಲೆ ಆಂಬುಲೆನ್ಸ್ ಹತ್ತಿಸಬೇಕು. ಸುಮ್ನೆ ಚೀಟಿ ಬರೆದು ಕೈತೊಳೆದುಕೊಂಡರೆ ಅದು ರೆಫರ್ ಅಲ್ಲ. ಅಂಥ ಚೀಟಿ ಹಿಡಿದು, ಡ್ರಿಪ್ ಕೂಡ ಇಲ್ಲದೆ ಬಂದವರನ್ನು ನೋಡಿ ಹೊಟ್ಟೆ ಉರಿದಿದೆ ನನಗೆ.

ನನ್ನ ಸಿಟ್ಟು ತಾಲ್ಲೂಕು ಆಸ್ಪತ್ರೆಯ ಡಾಕ್ಟರ ಮೇಲಲ್ಲ. ಸರ್ಜನ್ ಇರುವ ಕಡೆ ಅನಸ್ತೇಶಿಯಾದವರು (ಅರಿವಳಿಕೆ ಕೊಡೋ ಡಾಕ್ಟರು) ಇರಲ್ಲ, ಇಬ್ಬರೂ ಇದ್ದರೆ ರಾತ್ರಿ ರಕ್ತ ಸಿಗಲ್ಲ. ಈ ಮೂರರಲ್ಲಿ ಒಂದಿಲ್ಲದಿದ್ದರೂ ಎಂಥ ಕೈಗುಣದ ಸರ್ಜನ್ ಆದರೂ ಚೀಟಿಯನ್ನೇ ಬರೆಯಬೇಕು. ಒಂದು ಅಪೆಂಡಿಕ್ಸ್‌ಗೋ, ಸಿಕ್ಕಿಹಾಕಿಕೊಂಡ ಹರ್ನಿಯಾಗೋ ರಾತ್ರೋರಾತ್ರಿ ಸಕಲೇಶಪುರದಿಂದ ಹಾಸನಕ್ಕೆ 40 ಕಿಲೋಮೀಟರ್ ಬರಬೇಕಾ ಜನ? ಕೂಲಿ ಮಾಡೋರಿಗೆ ಅದರ ಜೊತೆಗೆ ಬಾಡಿಗೆ ಕಾರಿನ ಖರ್ಚು, ಜೊತೆಗಿರೋರ ಊಟ, ಹೋದ ದಿನಗಳ ಕೂಲಿ.

"ಇಷ್ಟೆಲ್ಲ ಇದ್ರೂ ಅಲ್ಲೇ ಯಾಕೆ?" ಅಂತ ನೀನು ಮತ್ತೆ ಕೇಳ್ತೀಯ, ಗೊತ್ತು. ಇದು ನನ್ನೂರು. ಇಲ್ಲಿ ಬೀಳೋರು ತೋಟದ ಕೂಲಿಯವರಿರೋ ನಮ್ಮ ಲೈನ್ ಮನೆಯವರು, ನನ್ನ ಜೊತೆ ಶಾಲೆಗೆ ಬಂದವರು. ಯಾವ ತೋಟದಿಂದ ಬಂದರು ಅಂದರೆ ಸಾಕು, ಎಷ್ಟು ಹೊತ್ತು ಜೀಪಲ್ಲಿ ಕುಲುಕಾಡಿ ಬಂದಿದ್ದಾರೆ ಅಂತ ನನಗೆ ಗೊತ್ತಾಗುತ್ತೆ. ಎಂಎಸ್ ಸೀಟು ಎಲ್ಲಿ ಸಿಕ್ಕರೂ ಹೋಗಿ ಓದುತ್ತೇನೆ, ಬೆಂಗಳೂರಾದರೂ ಸರಿ, ಕಲಬುರಗಿಯಾದರೂ ಸರಿ. ಕೆಲಸ ಮಾತ್ರ ಘಟ್ಟದ ಮೇಲೇ.

ನಿನ್ನ ಬ್ಯಾಚಲ್ಲಿ ಅನಸ್ತೇಶಿಯಾ ತಗೊಳ್ಳೋ ಯೋಚನೆ ಇರೋರು ಯಾರಾದರೂ ಇದ್ದರೆ ನನ್ನ ನಂಬರ್ ಕೊಡು. ಈ ಕಡೆ ಬರೋ ಮನಸ್ಸಿದೆಯಾ ಅಂತ ನಾನೇ ಕೇಳುತ್ತೇನೆ.